ಎರಡು ಸಲ ತೊಳೆದ ಸೈಕಲ್

"ತೊಳೆದಿದ್ದನ್ನೇ ಮತ್ತೆ ತೊಳೀತಾರೇನೇ ಯಾರಾದ್ರೂ?"

ಅಣ್ಣನ ದನಿ ಕೇಳಿದ್ದೇ ಬುಗುರಿಯ ಕೈಯಿಂದ ಬ್ರಷ್ ಜಾರಿ ಬಕೆಟ್ಟಿಗೆ ಬಿತ್ತು. ಭಾನುವಾರ ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಹಿತ್ತಿಲ ನಲ್ಲಿಯ ಪಕ್ಕ ಎರಡು ಸೈಕಲ್ಲುಗಳು ಮೈತುಂಬ ಸೋಪಿನ ನೊರೆ ಮೆತ್ತಿಕೊಂಡು ನಿಂತಿದ್ದವು. ಒಂದು ಅವಳದು, ಇನ್ನೊಂದು ಅಣ್ಣನದು.

"ಕೊಳೆ ಇತ್ತು," ಅಂದಳು ಬುಗುರಿ.

"ಎಲ್ಲಿತ್ತು?"

"ಇತ್ತು. ಈಗಿಲ್ಲ. ತೊಳೆದ್ಮೇಲೆ ಎಲ್ಲಿಂದ ತೋರಿಸ್ಲಿ?"

ಅಣ್ಣ ಬಾಗಿಲಿಗೆ ಒರಗಿ ಆಕಳಿಸಿದ. ತಂಗಿಯ ಉಪಾಯ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಆ ಮನೆಯಲ್ಲಿ ಒಂದು ನಿಯಮ ಇತ್ತು. ಸೈಕಲ್ ತೊಳೆದವರು ಭಾನುವಾರದ ಸವಾರಿ ಎಲ್ಲಿಗೆಂದು ಹೇಳಬೇಕು, ಇನ್ನೊಬ್ಬರು ತುಟಿಪಿಟಕ್ಕೆನ್ನದೆ ಹಿಂದೆ ಹೋಗಬೇಕು. ಕೆಸರು ಮೆತ್ತಿದ ಸೈಕಲ್ಲುಗಳನ್ನು ಇಬ್ಬರೂ ಹಾಗೇ ಬಿಟ್ಟು ಮಲಗುತ್ತಿದ್ದರೆಂದು ಅಪ್ಪ ಮಾಡಿದ ನಿಯಮ ಅದು.

ನಿನ್ನೆ ಸಂಜೆ ಎರಡನ್ನೂ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ನಿಲ್ಲಿಸಿದ್ದವನು ಅಣ್ಣ. ಆದರೆ ಕೊನೆಗೆ ತೊಳೆದವರು ಯಾರು? ಬುಗುರಿ. ಇದು ನ್ಯಾಯವೋ ಮೋಸವೋ ಎಂದು ಅವಳನ್ನು ಕೇಳಿದ್ದರೆ ಅರ್ಧ ಗಂಟೆ ವಾದ ಮಾಡುತ್ತಿದ್ದಳು. ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುವ ಹುಡುಗಿ ಎಂದು ಮನೆಯವರು ಇಟ್ಟ ಹೆಸರು ಬುಗುರಿ. ಅವಳ ನಾಲಿಗೆಯೂ ಹಾಗೇ ತಿರುಗುತ್ತಿತ್ತು.

"ಸರಿ, ಎಲ್ಲಿಗೆ?" ಅಂದ ಅಣ್ಣ.

"ಕಲ್ಲು ದಾರಿ. ಬೆಟ್ಟದ ತುದಿವರೆಗೆ."

ಅಣ್ಣ ಬಾಗಿಲು ಬಿಟ್ಟು ಹತ್ತಿರ ಬಂದ. "ನಾನು ಕೆರೆ ದಾರಿ ಅಂದ್ಕೊಂಡಿದ್ದೆ ಕಣೇ. ನಿನ್ ಹತ್ರ ಒಂದು ವಿಷ್ಯ ಮಾತಾಡ್ಬೇಕಿತ್ತು."

"ಬೆಟ್ಟದ ಮೇಲೇ ಮಾತಾಡು."

ವಿಷಯ ಏನಿರುತ್ತದೆಂದು ಬುಗುರಿಗೆ ಗೊತ್ತು. ಚೆನ್ನಾಗಿ ಓದು, ಅಮ್ಮನ ಜೊತೆ ಜಗಳ ಆಡಬೇಡ, ನನ್ನ ಶೆಲ್ಫ್ ಮುಟ್ಟಬೇಡ. ಇವತ್ತು ಸಂಜೆಯ ಬಸ್ಸಿಗೆ ಅಣ್ಣ ದೂರದ ಊರಿಗೆ ಹೊರಡುತ್ತಾನೆ. ಅಲ್ಲಿ ಎರಡು ವರ್ಷ ಹಾಸ್ಟೆಲ್ಲಿನಲ್ಲಿದ್ದು ಮೆಷಿನ್ ಕೆಲಸ ಕಲಿಯುತ್ತಾನೆ. ಊರಿಗೆ ಹೊರಟವರೆಲ್ಲ ಬುದ್ಧಿ ಹೇಳಿಯೇ ಹೊರಡುವುದು.

ಅಣ್ಣ ಹೋದ ಮೇಲೆ ಬೆಟ್ಟದ ಕನಸು ಮುಗಿದಂತೆಯೇ. ಅವನಿಲ್ಲದೆ ಅಮ್ಮ ಅವಳನ್ನು ಅತ್ತ ಬಿಡುವುದಿಲ್ಲ. ಬೆಟ್ಟದ ತುದಿಯಲ್ಲಿ ಒಂದು ಕಲ್ಲುಗುಪ್ಪೆ ಇದೆ. ಸೈಕಲ್ಲಿನಲ್ಲಿ ಹತ್ತಿದವರು ಅದರ ಮೇಲೆ ಒಂದು ಕಲ್ಲು ಇಟ್ಟು ಬರುತ್ತಾರೆ. ಅವಳ ಕ್ಲಾಸಿನಲ್ಲಿ ಕಲ್ಲಿಟ್ಟವರು ಇಬ್ಬರಿದ್ದಾರೆ, ಅವರ ಜಂಬ ನೋಡಲಾಗದು. ಇವತ್ತು ಬಿಟ್ಟರೆ ಇಲ್ಲ.

"ಆಯ್ತಮ್ಮ, ನೀನೇ ಗೆದ್ದೆ," ಅಂದ ಅಣ್ಣ. "ಚೈನಿಗೆ ಎಣ್ಣೆ ಬಿಟ್ಯಾ?"

ಬುಗುರಿ ಬಿಟ್ಟಿರಲಿಲ್ಲ. ಚೈನನ್ನೂ ಸೋಪು ಹಾಕಿ ತಿಕ್ಕಿದ್ದಳು, ನಿನ್ನೆಯ ಎಣ್ಣೆಯೆಲ್ಲ ನೀರಿನ ಜೊತೆ ಹರಿದು ಹೋಗಿತ್ತು. ಈಗ ಎಣ್ಣೆ ಡಬ್ಬಿ ಹುಡುಕಿ, ಒಂದೊಂದು ಕೊಂಡಿಗೂ ಹನಿಸುತ್ತಾ ಕೂತರೆ ಹೊತ್ತಾಗುತ್ತದೆ. ಅಷ್ಟರಲ್ಲಿ ಅಣ್ಣನ ಮನಸ್ಸು ಬದಲಾದರೆ?

"ಹೂಂ," ಅಂದಳು.

ನೀರಿನಲ್ಲಿ ನೆನೆದ ಚೈನು ಎಣ್ಣೆ ಕುಡಿದ ಹಾಗೇ ಹೊಳೆಯುತ್ತಿತ್ತು. ಅಣ್ಣ ಮತ್ತೆ ನೋಡಲಿಲ್ಲ.

ಅಮ್ಮ ಬ್ರೆಡ್ಡು, ಬಾಳೆಹಣ್ಣು ಕಟ್ಟಿಕೊಟ್ಟಳು. "ಮಧ್ಯಾಹ್ನ ಊಟದ ಹೊತ್ತಿಗೆ ಮನೇಲಿರ್ಬೇಕು. ಬಸ್ಸು ನಿಮ್ಮಪ್ಪನ ಲಿಫ್ಟ್ ಅಲ್ಲ, ಗುಂಡಿ ಒತ್ತಿದ್ರೆ ವಾಪಸ್ ಬರೋಕೆ."

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಪೇಪರಿನ ಹಿಂದಿನಿಂದಲೇ, "ಬಸ್ಸೇ ವಾಸಿ, ಮಧ್ಯದಲ್ಲಿ ನಿಂತ್ರೆ ಇಳಿದಾದ್ರೂ ಹೋಗ್ಬಹುದು," ಅಂದ.

ಊರು ದಾಟಿದ ಮೇಲೆ ದಾರಿ ಎರಡಾಗುತ್ತದೆ. ಎಡಕ್ಕೆ ಕೆರೆ ದಾರಿ. ಅಗಲವಾಗಿ, ಮಟ್ಟಸವಾಗಿ, ಎರಡು ಸೈಕಲ್ಲು ಅಕ್ಕಪಕ್ಕ ಹೋಗುವಷ್ಟಿದೆ. ಬಲಕ್ಕೆ ಬಂಡೆಯ ಮೇಲೆ ಕಪ್ಪು ಬಾಣದ ಗುರುತು, ಅಲ್ಲಿಂದ ಕಲ್ಲು ದಾರಿ. ಅಣ್ಣ ಆ ತಿರುವಿನಲ್ಲಿ ಒಂದು ಕಾಲು ನೆಲಕ್ಕೂರಿ ನಿಂತ.

"ಇನ್ನೊಂದ್ಸಲ ಯೋಚ್ನೆ ಮಾಡು."

"ನಿಯಮ ಅಂದ್ರೆ ನಿಯಮ," ಎಂದು ಬುಗುರಿ ಬಲಕ್ಕೆ ತಿರುಗಿಸಿಯೇ ಬಿಟ್ಟಳು.

ಕಲ್ಲು ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಒಂದು ಕಡೆ ಮುಳ್ಳು ಪೊದೆ, ಇನ್ನೊಂದು ಕಡೆ ಇಳಿಜಾರು. ಮಳೆನೀರು ಕೊರೆದ ಕೊರಕಲಿನಲ್ಲಿ ಚಕ್ರ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಬುಗುರಿ ಗೇರು ಇಳಿಸಿದಳು, ಮೈಯನ್ನು ಹ್ಯಾಂಡಲ್ಲಿನ ಮೇಲೆ ಬಾಗಿಸಿದಳು. ಸಡಿಲ ಕಲ್ಲಿನ ಮೇಲೆ ಹಿಂದಿನ ಚಕ್ರ ಆಗಾಗ ಜಾರುತ್ತಿತ್ತು. ಆದರೂ ಅವಳು ಕಾಲು ಕೆಳಗಿಡಲಿಲ್ಲ. ಹೀಗೆ ಹತ್ತುತ್ತಿರುವುದು ತಾನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ಕುಣಿಯುವಷ್ಟು ಖುಷಿಯಾಗಿತ್ತು.

"ಬುಗುರೀ," ಹಿಂದಿನಿಂದ ಅಣ್ಣ ಕೂಗಿದ. "ಹೋದ ವರ್ಷ ನೀನು ಹೊಸ ಸ್ಕೂಲಿಗೆ ಸೇರಿದಾಗ ಅಷ್ಟು ಬೇಜಾರು ಮಾಡ್ಕೊಂಡಿದ್ಯಲ್ಲ, ಆಮೇಲೆ ಅದು ಹೇಗೆ ಹೋಯ್ತು?"

ಈ ಹೊತ್ತಿನಲ್ಲಿ ಸ್ಕೂಲಿನ ಮಾತು ಯಾಕೆ? "ಯಾರಿಗ್ಗೊತ್ತು. ಹೋಯ್ತು ಅಷ್ಟೆ. ಎಡಗಡೆ ಕಲ್ಲಿದೆ, ನೋಡ್ಕೊ."

"ಎಷ್ಟು ದಿನ ಹಿಡೀತು?"

"ಆಮೇಲೆ ಹೇಳ್ತೀನಿ ಬಿಡೋ."

ಅಣ್ಣ ಮತ್ತೆ ಕೇಳಲಿಲ್ಲ. ಅವನ ಚೈನು ಮಾತ್ರ ಕಿರ್ರ್ ಕಿರ್ರ್ ಎನ್ನತೊಡಗಿತು. ಬುಗುರಿಯ ಚೈನೂ ಎನ್ನುತ್ತಿತ್ತು. ಅವಳು ಕೇಳಿಸದವಳಂತೆ ತುಳಿದಳು.

ತುದಿ ಕಣ್ಣಿಗೆ ಬಿತ್ತು. ಕಲ್ಲುಗುಪ್ಪೆಯೂ ಕಾಣುತ್ತಿತ್ತು. ಅಲ್ಲಿ ಏರು ಒಮ್ಮೆಗೇ ಕಡಿದಾಗುತ್ತದೆ. ಹಿಂದೆ ಕಟಕಟ ಸದ್ದಾಯಿತು, ಆಮೇಲೆ ಧಡ್ ಎಂದಿತು. ತಿರುಗಿ ನೋಡಿದರೆ ಅಣ್ಣ ಸೈಕಲ್ ಸಮೇತ ಬಿದ್ದಿದ್ದ. ಒಣಗಿದ ಚೈನು ಪೆಡಲಿನ ಹಲ್ಲುಚಕ್ರಕ್ಕೆ ಕಚ್ಚಿಕೊಂಡು ಮೇಲಕ್ಕೆ ಸುತ್ತಿ, ಫ್ರೇಮಿನ ಸಂದಿಯಲ್ಲಿ ಬಿಗಿಯಾಗಿ ಕೂತುಬಿಟ್ಟಿತ್ತು.

ಅವನ ಮೊಣಕೈ ತರಚಿತ್ತು. ಮೊದಲು ಅವನು ಅದನ್ನು ನೋಡಿಕೊಳ್ಳಲಿಲ್ಲ. ಚೈನನ್ನು ಬೆರಳಿನಿಂದ ಒಮ್ಮೆ ಸವರಿದ. ಎಣ್ಣೆ ಬಿಟ್ಟ ಚೈನು ಮುಟ್ಟಿದರೆ ಬೆರಳು ಕಪ್ಪಾಗುತ್ತದೆ. ಅವನ ಬೆರಳಿಗೆ ಬರೀ ಧೂಳು ಹತ್ತಿತ್ತು. ಅವನು ತಂಗಿಯ ಮುಖ ನೋಡಿದ. ತಂಗಿ ಬೆಟ್ಟದ ತುದಿ ನೋಡಿದಳು.

ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ.

"ನೀನು ಹೋಗಿ ಬಾ," ಅಂದ. "ನಾನಿದನ್ನ ಬಿಡಿಸ್ತಿರ್ತೀನಿ."

"ಒಬ್ಳೇನಾ?"

"ಇಲ್ಲಿಂದ ಕಾಣ್ಸುತ್ತಲ್ಲ, ನೋಡ್ತಿರ್ತೀನಿ. ನನ್ನದೂ ಒಂದು ಕಲ್ಲಿಡು."

ನಾನೂ ನಿನ್ನ ಜೊತೆ ಇರುತ್ತೇನೆ ಎಂದು ಹೇಳಬಹುದಿತ್ತು. ಒಬ್ಬರು ಫ್ರೇಮ್ ಹಿಡಿದು ಒಬ್ಬರು ಎಳೆದಿದ್ದರೆ ಬೇಗ ಬಿಡುತ್ತಿತ್ತು. ಆಮೇಲೆ ಎಷ್ಟೋ ಸಲ ಬುಗುರಿ ಹಾಗೆ ಅಂದುಕೊಂಡಳು. ಆಗ ಮಾತ್ರ ಸೈಕಲ್ ಹತ್ತಿ ಹೊರಟೇಬಿಟ್ಟಳು.

ತುದಿಯಲ್ಲಿ ಗಾಳಿ ಜೋರಾಗಿತ್ತು. ಅವಳು ಚಪ್ಪಟೆಯಾದ ಕಲ್ಲೊಂದನ್ನು ಆರಿಸಿ ಗುಪ್ಪೆಯ ಮೇಲಿಟ್ಟಳು. ಅದು ಜಾರಿತು. ಮತ್ತೆ ಇಟ್ಟಳು, ನಿಂತಿತು. ಸುತ್ತ ಬರೀ ಬೋಳು ಗುಡ್ಡಗಳು, ದೂರದಲ್ಲಿ ನಾಣ್ಯದಷ್ಟು ಕೆರೆ. ಜೋರಾಗಿ ಕಿರುಚಬೇಕೆಂದು ಎಷ್ಟು ದಿನದಿಂದ ಅಂದುಕೊಂಡಿದ್ದಳು. ಕಿರುಚಿದರೆ ಕೇಳುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಕೆಳಗೆ ಅಣ್ಣ ಸೈಕಲ್ಲನ್ನು ತಲೆಕೆಳಗು ಮಾಡಿ ಅದರ ಮೇಲೆ ಬಗ್ಗಿದ್ದ. ಅವಳು ಕೈ ಬೀಸಿದಳು. ಅವನಿಗೆ ಕಾಣಲಿಲ್ಲ.

ಇಳಿದು ಬರುವ ಹೊತ್ತಿಗೆ ಚೈನು ಬಿಟ್ಟಿತ್ತು. ಅಣ್ಣ ತರಚಿದ ಕೈಯನ್ನು ಬಾಟಲಿ ನೀರಿನಲ್ಲಿ ತೊಳೆಯುತ್ತಿದ್ದ.

"ನನ್ನ ಕಲ್ಲಿಟ್ಯಾ?"

ಬುಗುರಿ ಗುಪ್ಪೆಯ ಕಡೆ ತಿರುಗಿ ನೋಡಿದಳು. ಮರೆತೇಹೋಗಿತ್ತು.

"ಹೂಂ," ಅಂದಳು.

ಬಿಸಿಲು ನೆತ್ತಿಗೆ ಬಂದಿತ್ತು. ಬ್ರೆಡ್ಡು ಬಿಚ್ಚಲೂ ಹೊತ್ತಿರಲಿಲ್ಲ. ಇಳಿಯುವಾಗಲೂ ಒಬ್ಬರ ಹಿಂದೆ ಒಬ್ಬರು. ತಿರುವಿನ ಹತ್ತಿರ ಕೆರೆ ದಾರಿ ಕಂಡಾಗ ಅಣ್ಣ ಅತ್ತ ಒಮ್ಮೆ ನೋಡಿ ಮನೆ ಕಡೆಗೆ ತಿರುಗಿಸಿದ.

ಆಮೇಲಿನದೆಲ್ಲ ಗಡಿಬಿಡಿ. ಊಟ, ಸೂಟ್‌ಕೇಸು, ಜಿಪ್ಪು ಹಾಕಲು ಅದರ ಮೇಲೆ ಕೂತ ಅಪ್ಪ. ಬಸ್ ಸ್ಟ್ಯಾಂಡಿನಲ್ಲಿ ಅಮ್ಮ, "ಸ್ವೆಟರ್ ಮೇಲ್ಗಡೇನೇ ಇದೆ," ಎಂದು ಹೇಳಿದ್ದನ್ನೇ ಹೇಳಿದಳು. ಬುಗುರಿ ಕಿಟಕಿಯ ಕೆಳಗೆ ಬಂದು, "ಅದೇನೋ ವಿಷ್ಯ ಅಂದ್ಯಲ್ಲ, ಈಗ ಹೇಳು," ಅಂದಳು.

ಅಣ್ಣ ಅಕ್ಕಪಕ್ಕದ ಸೀಟಿನವರನ್ನು ನೋಡಿದ. ಆಮೇಲೆ ಅಪ್ಪ ಅಮ್ಮನನ್ನು ನೋಡಿದ. "ಏನಿಲ್ಲ ಬಿಡೇ," ಅಂದ. ಬಸ್ಸು ಹೊರಟಿತು.

ಮಾರನೆಯ ಸಂಜೆ ಅಣ್ಣನ ಫೋನು ಬಂತು. ಅಮ್ಮ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಊಟ ಚೆನ್ನಾಗಿದೆಯಾ, ನೀರು ಬಿಸಿ ಬರುತ್ತಾ, ಎಂದು ಸಾಲು ಪ್ರಶ್ನೆಗಳು. ಹಿಂದೆ ಯಾರೋ ಹುಡುಗರು ಗಲಾಟೆ ಮಾಡುತ್ತಿದ್ದರು. ಅದರಲ್ಲಿ ಅಣ್ಣನನ್ನು ಕರೆಯುವ ದನಿ ಒಂದೂ ಇರಲಿಲ್ಲ.

"ಫ್ರೆಂಡ್ಸ್ ಆದ್ರಾ?" ಎಂದು ಅಪ್ಪ ಕೇಳಿದ.

"ಹೂಂ," ಅಂದ ಅಣ್ಣ.

ಅಪ್ಪ ತಲೆಯಾಡಿಸಿದ. ಅಮ್ಮ ಸಮಾಧಾನದ ಉಸಿರು ಬಿಟ್ಟಳು. ಬುಗುರಿ ಮಾತ್ರ ಫೋನನ್ನೇ ನೋಡುತ್ತಾ ಕೂತಳು. ಆ ಹೂಂ ಎಂಥದೆಂದು ಅವಳಿಗೆ ಗೊತ್ತಿತ್ತು. ಅಂಥವನ್ನು ಅವಳೇ ನಿನ್ನೆ ಎರಡು ಸಲ ಅಂದಿದ್ದಳು.

ಹೋದ ವರ್ಷ ಅವಳೂ ಹೊಸ ಸ್ಕೂಲಿನಿಂದ ಬಂದು ಎಲ್ಲರಿಗೂ ಹೂಂ, ಹೂಂ ಎನ್ನುತ್ತಿದ್ದಳು. ನಿಜ ಹೇಳಿದ್ದು ಅಣ್ಣನ ಹತ್ತಿರ ಮಾತ್ರ, ಅದೂ ಕೆರೆ ದಾರಿಯಲ್ಲಿ. ಗಾಡಿ ಬರುವ ಬಲಬದಿಗೆ ಅಣ್ಣ, ಒಳಬದಿಗೆ ಅವಳು. ಅಳುತ್ತಾ ಪೆಡಲ್ ತುಳಿದಿದ್ದಳು. ಅಣ್ಣ ಒಮ್ಮೆಯೂ ಅವಳ ಮುಖದ ಕಡೆ ತಿರುಗಿರಲಿಲ್ಲ, ಮುಂದೆ ನೋಡುತ್ತಲೇ ಎಲ್ಲ ಕೇಳಿಸಿಕೊಂಡಿದ್ದ. ಹಾಗಾಗಿಯೇ ಹೇಳಲು ಆಗಿದ್ದು.

ಅಣ್ಣ ಬುದ್ಧಿ ಹೇಳಲು ಹೊರಟಿರಲಿಲ್ಲ. ಅವನಿಗೆ ಭಯವಾಗಿತ್ತು. ಮನೆಯಲ್ಲಿ ಆ ಭಯ ಗೊತ್ತಿದ್ದವಳು ಅವಳೊಬ್ಬಳೇ, ಅದಕ್ಕೇ ಅವಳನ್ನು ಕೇಳಲು ಬಂದಿದ್ದ. ಎಲ್ಲರ ಎದುರು ಅದನ್ನು ಈಗ ಹೇಗೆ ಹೇಳುವುದು? ಅವಳು ಬಾಯಿ ತೆರೆಯುವಷ್ಟರಲ್ಲಿ, "ಬೆಲ್ ಆಯ್ತು, ಇಡ್ತೀನಿ," ಎಂದು ಅಣ್ಣ ಫೋನ್ ಇಟ್ಟ.

ಶನಿವಾರ ಸಂಜೆ ಬುಗುರಿ ಎರಡೂ ಸೈಕಲ್ಲು ತೊಳೆದಳು. ಬಟ್ಟೆಯಲ್ಲಿ ಒರೆಸಿ, ಎಣ್ಣೆ ಡಬ್ಬಿ ಹುಡುಕಿ, ಕೊಂಡಿ ಕೊಂಡಿಗೂ ಹನಿಸಿದಳು. ಅಣ್ಣನ ಸೈಕಲ್ಲಿನ ಚೈನಿಗೆ ಹನಿಸುವಾಗ ಬೆರಳೆಲ್ಲ ಕಪ್ಪಾಯಿತು. ಇನ್ನು ದಾರಿ ಆರಿಸುವವಳು ಅವಳೇ. ಬೇಡ ಎನ್ನುವವರೂ ಇರಲಿಲ್ಲ.

"ನಾಳೆ ಎಲ್ಲಿಗೆ ಸವಾರಿ?" ಅಂದ ಅಪ್ಪ.

"ಕೆರೆ ದಾರಿ."

"ಅದು ಬೋರು ಅಂತಿದ್ದೆ?"

ಬುಗುರಿ ಎಣ್ಣೆ ಡಬ್ಬಿಯ ಮುಚ್ಚಳ ಬಿಗಿದು ಒಳಗೆ ಹೋದಳು. ವಾದ ಮಾಡದೆ ಅವಳು ಹೋಗಿದ್ದನ್ನು ಅಪ್ಪ ಅದೇ ಮೊದಲು ನೋಡಿದ್ದು.

ಭಾನುವಾರ ಕೆರೆ ದಾರಿಯಲ್ಲಿ ಯಾರೂ ಇರಲಿಲ್ಲ. ಬುಗುರಿ ಎಡಕ್ಕೇ ಸರಿದು, ನಿಧಾನವಾಗಿ ತುಳಿದಳು. ಸ್ವಲ್ಪ ದೂರ ಹೋದ ಮೇಲೆ ಮುಂದೆ ನೋಡುತ್ತಲೇ ಮಾತು ಶುರು ಮಾಡಿದಳು.

"ಹೊಸ ಸ್ಕೂಲಲ್ಲಿ ಮೊದಲ್ನೇ ವಾರ ನಾನು ನೀರಿನ ಟ್ಯಾಂಕ್ ಹಿಂದೆ ಒಬ್ಳೇ ಕೂತು ತಿಂತಿದ್ದೆ ಅಣ್ಣ. ಆಮೇಲೆ ಒಂದಿನ ಅಲ್ಲಿ ಇನ್ನೊಬ್ಳು ಕೂತಿದ್ಳು. ಅವಳೂ ನನ್ನ ಹಾಗೇ. ಅಷ್ಟೇ ಕಣೋ. ನಾನೇನೂ ಮಾಡ್ಲಿಲ್ಲ, ಜಾಗ ಬಿಟ್ಟು ಸರ್ಕೊಂಡೆ ಅಷ್ಟೆ."

ಹೇಳಿ ಮುಗಿಸಿದರೆ ಎಷ್ಟು ಚಿಕ್ಕದು. ಬೆಟ್ಟದ ಮೇಲೆ ಹೇಳಲು ಒಂದು ನಿಮಿಷ ಸಾಕಿತ್ತು.

ಸಂಜೆ ಅಣ್ಣನ ಫೋನು ಬಂದಾಗ ಇದೇ ಮಾತು ಬಾಯಿಗೆ ಬರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಮರೆಯಬಾರದೆಂದು ಮೊದಲಿನಿಂದ ಮತ್ತೆ ಹೇಳಿಕೊಳ್ಳುತ್ತಾ ಹೋದಳು. ಬಲಗಡೆ ಇನ್ನೊಂದು ಸೈಕಲ್ಲಿಗೆ ಆಗುವಷ್ಟು ಜಾಗ ಬಿಟ್ಟಿದ್ದಳು.