ವರದಿಯ ಎರಡನೇ ಪುಟ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಕೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯೆ. ನ್ಯಾಯಾಲಯ ಕಳಿಸಿದ ಆರೋಪಿಗಳನ್ನು ಪರೀಕ್ಷಿಸಿ ವರದಿ ಬರೆಯುವುದು ಇಪ್ಪತ್ತೆರಡು ವರ್ಷಗಳಿಂದ ಆಕೆಯ ಕೆಲಸ. ಕೈಯಲ್ಲಿದ್ದ ಮೂರು ಹಾಳೆಗಳನ್ನು ಮೇಜಿನ ಮೇಲಿಟ್ಟಳು.

"ಇದು ನನ್ನ ವರದಿ ಅಲ್ಲ ಸಾರ್. ಕೊನೆ ಪುಟದ ಸಹಿ ಮಾತ್ರ ನನ್ನದು."

ಇನ್‌ಸ್ಪೆಕ್ಟರಿಗೆ ಠಾಣೆಯವರು ಬೆನ್ನ ಹಿಂದೆ ಇಟ್ಟ ಹೆಸರು ಮೆಣಸಿನಕಾಯಿ. ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ನೆಟ್ಟಗೆ ಹೇಳಿ ಡಾಕ್ಟ್ರೇ."

ಆಕೆ ಹೇಳಿದಳು. ಐದು ತಿಂಗಳ ಹಿಂದೆ ಒಬ್ಬ ಮೆಕ್ಯಾನಿಕ್ ತನ್ನ ಅಕ್ಕನ ತಲೆಗೆ ಸ್ಪ್ಯಾನರಿನಿಂದ ಹೊಡೆದಿದ್ದ. ಹನ್ನೊಂದು ಹೊಲಿಗೆ ಬಿದ್ದಿದ್ದವು. ಜಗಳ ಏನೂ ಇರಲಿಲ್ಲ. ತನ್ನಕ್ಕನನ್ನು ಯಾರೋ ಎಲ್ಲೋ ಬಚ್ಚಿಟ್ಟಿದ್ದಾರೆ, ಅವಳ ಮುಖ ಹೊತ್ತು ಬೇರೆ ಒಬ್ಬಳು ಮನೆ ಸೇರಿದ್ದಾಳೆ ಎಂಬುದು ಅವನ ನಂಬಿಕೆ. ಅದೊಂದು ಕಾಯಿಲೆ.

"ಕಾಯಿಲೆ ಇಳಿದಿಲ್ಲ, ಮನೆಗೆ ಬಿಟ್ರೆ ಅವಳ ಜೀವಕ್ಕೆ ಅಪಾಯ ಅಂತ ಎರಡನೇ ಪುಟದಲ್ಲಿ ಬರೆದಿದ್ದೆ. ಆ ಹಾಳೆನೇ ಬದಲಾಗಿದೆ. ಗುಣವಾಗಿದೆ, ಮನೆಗೆ ಕಳಿಸಬಹುದು ಅಂತಿದೆ. ನಿನ್ನೆ ನಾನು ರಜೆ. ಕೋರ್ಟ್ ಆದೇಶ ಬಂತು, ಜೊತೆಗೆ ಈ ವರದಿಯ ನಕಲು. ಸಂಜೆ ಐದಕ್ಕೆ ಬಿಟ್ಟುಬಿಟ್ರು."

"ಮನೇಲಿ ಯಾರಿದಾರೆ?"

"ಅಕ್ಕ ಒಬ್ಬಳೇ. ತಂದೆ ತಾಯಿ ಇಲ್ಲ. ಬೆಳಿಗ್ಗೆಯಿಂದ ಫೋನ್ ಎತ್ತುತ್ತಿಲ್ಲ."

ಇನ್‌ಸ್ಪೆಕ್ಟರ್ ಕಡತದ ವಿಳಾಸಕ್ಕೆ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಓಡಿಸಿ, ಎಫ್‌ಐಆರ್ ಬರೆಯಲು ಮಹಿಳಾ ಹೆಡ್ ಕಾನ್‌ಸ್ಟೇಬಲ್‌ಗೆ ಹೇಳಿದ. ಹತ್ತು ಐವತ್ತಕ್ಕೆ ಫೋನ್ ಬಂತು: ಮನೆಗೆ ಬೀಗ. ಅಕ್ಕ ತಿಂಗಳ ಹಿಂದೆಯೇ ಖಾಲಿ ಮಾಡಿದ್ದಾಳೆ, ಎಲ್ಲಿಗೆ ಹೋದಳೋ ಯಾರಿಗೂ ತಿಳಿಯದು.

ಇನ್‌ಸ್ಪೆಕ್ಟರ್ ಫೋನ್ ಕುಕ್ಕಿದ. ಬೈಯಲು ಬಾಯಿ ತೆರೆದ. ಬೈಸಿಕೊಳ್ಳಬೇಕಾದವರು ಯಾರೂ ಎದುರಿಗೆ ಇರಲಿಲ್ಲ. ಎರಡನೇ ಪುಟವನ್ನು ಎಳೆದುಕೊಂಡು ಓದಿದ.

"ಇದರಲ್ಲಿ ನೀವು ಯಾವತ್ತೂ ಬರೆಯದೆ ಇರೋ ಮಾತು ಯಾವುದು?"

ಆಕೆ ಒಂದು ಸಾಲಿನ ಮೇಲೆ ಬೆರಳಿಟ್ಟಳು. 'ಬಾಗಿಲ ಪಕ್ಕದ ಕುರ್ಚಿಯಲ್ಲಿ ಶಾಂತವಾಗಿ ಕುಳಿತು ಉತ್ತರಿಸಿದನು.'

"ರೋಗೀನ ಬಾಗಿಲ ಕಡೆ ಕೂರಿಸಿ ನಾನು ಒಳಗೆ ಕೂರಲ್ಲ ಸಾರ್. ಅವನು ಮೈಮೇಲೆ ಬಂದ್ರೆ ಓಡೋಕೆ ದಾರಿ ಇರಲ್ಲ. ಕೆಲಸಕ್ಕೆ ಸೇರಿದ ದಿನವೇ ಕಲಿಸೋ ಪಾಠ ಇದು."

"ಆ ಕುರ್ಚಿ ಕಂಡವರೇ ಇದನ್ನ ಬರೆದಿರಬೇಕು. ಬಾಗಿಲ ಪಕ್ಕ ಯಾರು ಕೂರ್ತಾರೆ?"

"ಮನೆಯವರು. ಅವರಿಗೂ ಭಯ ಇರುತ್ತಲ್ಲ." ಆಕೆ ತಡೆದಳು. "ಈ ಕೇಸಲ್ಲಿ ಅಲ್ಲಿ ಕೂತವಳು ಅಕ್ಕ ಒಬ್ಬಳೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊಡೆತ ತಿಂದವಳು ಹೊಡೆದವನನ್ನು ಯಾಕೆ ಬಿಡಿಸುತ್ತಾಳೆ?

ಹನ್ನೊಂದು ಇಪ್ಪತ್ತಕ್ಕೆ ಆಸ್ಪತ್ರೆಯ ಟಪಾಲು ವಿಭಾಗ. ಗುಮಾಸ್ತ ಪುಸ್ತಕ ತೆರೆದ. ವರದಿಯ ಲಕೋಟೆಯ ಎದುರು 'ಕೈಯಲ್ಲಿ ಕೊಟ್ಟಿದೆ' ಎಂದಿತ್ತು.

"ಯಾರ ಕೈಯಲ್ಲಿ?"

"ಜವಾನ ರಜೆ ಇದ್ದ ಸಾರ್. ಆ ಮೆಕ್ಯಾನಿಕ್ ಅಕ್ಕ ದಿನಾ ಬರ್ತಿದ್ರು. ಕೋರ್ಟ್ ಎದುರಿನ ಟೈಪಿಂಗ್ ಅಂಗಡೀಲೇ ಕೆಲಸ, ಕೊಟ್ಬಿಡ್ತೀನಿ ಅಂದ್ರು."

"ಮುಚ್ಚಿದ ಲಕೋಟೆ ಹೊರಗಿನವರ ಕೈಗೆ ಕೊಡೋಕೆ ನಿನಗೆ ತಲೆ ಕೆಟ್ಟಿತ್ತೇನಯ್ಯಾ?"

"ತಲೆ ಒಡೆಸ್ಕೊಂಡವರೇ ಅವರು ಸಾರ್. ಅವನು ಒಳಗಿರಲಿ ಅಂತ ಅವರಿಗಿಂತ ಹೆಚ್ಚಾಗಿ ಯಾರು ಬಯಸ್ತಾರೆ ಅಂದ್ಕೊಂಡೆ."

ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ತಾನಾಗಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ ಎಂಬುದು ಹೊಳೆದು ಕೈ ಇಳಿಯಿತು.

ಹನ್ನೆರಡಕ್ಕೆ ಟೈಪಿಂಗ್ ಅಂಗಡಿ. ಅಕ್ಕ ಕೂರುವ ಕಂಪ್ಯೂಟರಿನಲ್ಲಿ ಎರಡನೇ ಪುಟ ಹಾಗೆಯೇ ಇತ್ತು; ಅಳಿಸುವ ಗೋಜಿಗೂ ಹೋಗಿರಲಿಲ್ಲ. ಅಂಗಡಿಯವನು ಹೊಸ ವಿಳಾಸ ಬರೆದುಕೊಟ್ಟ. "ತಮ್ಮ ಬರ್ತಾನೆ ಅಂತ ಮಹಡಿ ಮನೆ ಮಾಡಿದಾಳೆ ಸಾರ್. ಹಬೆ ಹಿಡಿದ್ರೆ ಲಕೋಟೆ ಗೋಂದು ಬಿಡುತ್ತಾ ಅಂತ ಅವತ್ತು ಕೇಳಿದ್ಲು. ನಾನು ನಗಾಡಿದ್ದೆ." ಪಂಚನಾಮೆಗೆ ಒಬ್ಬ ಕಾನ್‌ಸ್ಟೇಬಲ್‌ನನ್ನು ಬಿಟ್ಟು ವೈದ್ಯೆ, ಮಹಿಳಾ ಹೆಡ್ ಕಾನ್‌ಸ್ಟೇಬಲ್ ಇಬ್ಬರನ್ನೂ ಹತ್ತಿಸಿಕೊಂಡು ಜೀಪು ಹೊರಟಿತು; ಹಿಂದೆ ಆಸ್ಪತ್ರೆಯ ಗಾಡಿ.

ಕೆಳಮನೆಯ ದರ್ಜಿ ಮೆಟ್ಟಿಲ ಬುಡದಲ್ಲೇ ನಿಂತಿದ್ದ. "ರಾತ್ರಿಯೆಲ್ಲ ಮಾತು. ಅವನು ಕೇಳೋದು, ಆಯಮ್ಮ ಹೇಳೋದು. ಬೆಳಿಗ್ಗೆ ಬೀರು ಎಳೆದ ಸದ್ದು. ಆಮೇಲೆ ನಾನು ಮೆಷಿನ್ ತುಳಿದೇ ಇಲ್ಲ ಸ್ವಾಮಿ, ಕಾಲು ಬರ್ತಿಲ್ಲ."

ಮಹಡಿಯ ಬಾಗಿಲು ಒಳಗಿನಿಂದ ಭದ್ರ. ಬಾಗಿಲಿಗೆ ಕಿವಿಯಿಟ್ಟ ಇನ್‌ಸ್ಪೆಕ್ಟರಿಗೆ ಗಂಡಿನ ದನಿ ಕೇಳಿಸಿತು, ಮೆಲ್ಲಗೆ, ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ.

"ನಾನು ಸೈಕಲ್ಲಿಂದ ಬಿದ್ದಾಗ ನಮ್ಮಕ್ಕ ಏನು ಕಟ್ಟಿದ್ಲು?"

"ನನ್ನ ಲಂಗದ ಅಂಚು ಹರಿದು ಕಟ್ಟಿದ್ದೆ ಕಣೋ."

"ಯಾವ ಬಣ್ಣ?"

"ಹಸಿರು."



"ಎಷ್ಟು ಚೆನ್ನಾಗಿ ಕಲಿತ್ಕೊಂಡು ಬಂದಿದೀಯ. ಅವಳನ್ನ ಎಷ್ಟು ಹೊಡೆದು ಬಾಯಿ ಬಿಡಿಸಿದ್ರಿ?"

ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. ಸರಿಯಾದ ಒಂದೊಂದು ಉತ್ತರವೂ ಅವಳನ್ನು ಸಾವಿನ ಹತ್ತಿರಕ್ಕೆ ತಳ್ಳುತ್ತಿತ್ತು. ಬಾಗಿಲಿಗೆ ಹೆಗಲು ಕೊಡಲು ಹೋದವನ ತೋಳನ್ನು ವೈದ್ಯೆ ಹಿಡಿದಳು.

"ಒಡೀಬೇಡಿ, ಅವಳು ಅವನ ಕೈಯಳತೇಲಿದಾಳೆ. ಇವಳೇ ನಿನ್ನಕ್ಕ ಅಂತಾನೂ ಅನ್ಬೇಡಿ. ಹಾಗಂದ್ರೆ ಅವನ ಕಣ್ಣಿಗೆ ನಾವೂ ವೇಷ ಹಾಕ್ಕೊಂಡು ಬಂದವರೇ ಆಗ್ತೀವಿ."

ಜನ್ಮದಲ್ಲಿ ಮೊದಲ ಸಲ ಮೆಣಸಿನಕಾಯಿ ನಾಲಿಗೆಗೆ ಬೀಗ ಹಾಕಿ, ನಾಲ್ಕು ಸಲ ಉಸಿರೆಳೆದು ಬಾಗಿಲು ತಟ್ಟಿದ.

"ಪೊಲೀಸ್. ಒಳಗಿರೋ ಹೆಂಗಸಿನ ಮೇಲೆ ಕೇಸ್ ಆಗಿದೆ. ಕರ್ಕೊಂಡು ಹೋಗೋಕೆ ಬಂದಿದೀವಿ."

ಅದು ಸುಳ್ಳೇನೂ ಆಗಿರಲಿಲ್ಲ.

ಬೀರು ಸರಿಯಿತು. ಬಾಗಿಲು ತೆರೆದವನು ತಮ್ಮ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಮುಖದಲ್ಲಿ ಬೆವರು. ಅವನೂ ಹೆದರಿ ಸೋತಿದ್ದ.

"ಈಗ ಬಂದ್ರಾ ಸಾರ್. ಐದು ತಿಂಗಳಿಂದ ಹೇಳ್ತಾನೇ ಇದೀನಿ. ಹಿಡ್ಕೊಳ್ಳಿ ಇವಳನ್ನ."

ಹೆಡ್ ಕಾನ್‌ಸ್ಟೇಬಲ್ ಪೆಟ್ಟಿಗೆಯನ್ನು ಮೆಲ್ಲನೆ ಇಸಿದುಕೊಂಡಳು. ಮೂಲೆಯಲ್ಲಿದ್ದ ಅಕ್ಕ ಗೋಡೆ ಹಿಡಿದು ಎದ್ದಳು. ಹಣೆಯ ಹಳೆಯ ಹೊಲಿಗೆಯ ಮೇಲೆ ಹೊಸ ಗಾಯವಿರಲಿಲ್ಲ. ಸಮಯ ಒಂದು ಗಂಟೆ ಐದು ನಿಮಿಷ. ಅವನ ಕಣ್ಣೆದುರೇ ಅವಳನ್ನು ಬಂಧಿಸಲಾಯಿತು. ಅವನು ತೃಪ್ತಿಯಿಂದ ತಲೆಯಾಡಿಸಿ, ವೈದ್ಯೆಯ ಹಿಂದೆ ಮಗುವಿನಂತೆ ಆಸ್ಪತ್ರೆಯ ಗಾಡಿ ಹತ್ತಿದ.

ಠಾಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ.

"ನಿನಗೆ ಜೀವದ ಮೇಲೆ ಆಸೆ ಇಲ್ವೇನಮ್ಮಾ?" ಇನ್‌ಸ್ಪೆಕ್ಟರ್ ಗದರಿದ.

"ಪ್ರತಿ ಭೇಟೀಲೂ ಒಂದೇ ಮಾತು ಸಾರ್. ನೀನು ನಮ್ಮಕ್ಕ ಆಗಿದ್ರೆ ನನ್ನ ಇಲ್ಲಿ ಬಿಡ್ತಿರಲಿಲ್ಲ, ಬಿಡಿಸ್ಕೊಂಡು ಹೋಗ್ತಿದ್ದೆ ಅಂತ. ಬಿಡಿಸಿದ್ರೆ ನಂಬ್ತಾನೆ ಅಂದ್ಕೊಂಡೆ." ಸೆರಗಿನಿಂದ ಮೂಗೊರೆಸಿದಳು. "ಆಸ್ಪತ್ರೆ ಗೇಟಲ್ಲಿ ಒಂದ್ಸಲ ಅಕ್ಕಾ ಅಂದ. ಮನೆ ಬಾಗಿಲು ಹಾಕಿದ್ಮೇಲೆ ಅನ್ಲಿಲ್ಲ."

ಇನ್‌ಸ್ಪೆಕ್ಟರ್ ತನ್ನ ನೀರಿನ ಲೋಟವನ್ನು ಅವಳ ಕಡೆ ಸರಿಸಿದ.

ಹೆಡ್ ಕಾನ್‌ಸ್ಟೇಬಲ್ ಬಂಧನದ ಪತ್ರ ತುಂಬುತ್ತಿದ್ದಳು. "ವಿಷಯ ಯಾರಿಗೆ ತಿಳಿಸಬೇಕಮ್ಮಾ? ರಕ್ತಸಂಬಂಧಿ ಯಾರು?"

"ತಮ್ಮ."

ಪೆನ್ನು ನಿಂತಿತು. ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ತಿರುಗಿ, "ಬರ್ಕೊಳ್ಳಿ" ಎಂದ.

ನಿಯಮದಂತೆ ಸಂಜೆ ಐದು ನಲವತ್ತಕ್ಕೆ ವಾರ್ಡಿಗೆ ಫೋನ್ ಮಾಡಿ ತಿಳಿಸಲಾಯಿತು. ಠಾಣಾ ದಿನಚರಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಹೀಗೆ ಬರೆದಳು: 'ಆರೋಪಿಯ ತಮ್ಮನಿಗೆ ವಿಷಯ ತಿಳಿಸಲಾಗಿದೆ. ತನ್ನ ಅಕ್ಕನನ್ನು ಹುಡುಕಲು ಯಾವಾಗ ಹೊರಡುತ್ತೀರಿ ಎಂದು ಕೇಳಿರುತ್ತಾನೆ.'