ಬೆಟ್ಟದ ದಾರಿಯ ಹೊರೆಗಲ್ಲು

ಬಹಳ ಹಿಂದೆ, ಮರಗಳು ನಡೆದಾಡುತ್ತಿದ್ದ ಕಾಲದಲ್ಲಿ, ಮುಗಿಲಗಿರಿಯೆಂಬ ರಾಜ್ಯವಿತ್ತು. ಅಲ್ಲಿನ ಮಾಂತ್ರಿಕ ಕರಿಜಟ ಮಹಾ ಮುಂಗೋಪಿ. ದಾರಿಗೆ ಅಡ್ಡ ಬಂದನೆಂದು ಕುಂಬಾರರ ಕೆಂಚವ್ವನ ಅಣ್ಣನನ್ನು ಕಲ್ಲು ಮಾಡಿಬಿಟ್ಟ. ಹೊತ್ತು ಮುಳುಗುವುದರೊಳಗೆ ಬೆಟ್ಟದ ತುದಿಯ ಒರತೆಯ ನೀರು ತಾಗಿದರೆ ಅಣ್ಣ ಎದ್ದಾನು. ಇಲ್ಲದಿದ್ದರೆ ಎಂದೆಂದಿಗೂ ಕಲ್ಲೇ.

ಊರವರು ಕಲ್ಲನ್ನೆತ್ತಿ ಕೆಂಚವ್ವನ ತಲೆಗೇರಿಸಿದರು. ಕರಿಜಟನ ಭಯಕ್ಕೆ ಜೊತೆಗೆ ಯಾರೂ ಬರಲಿಲ್ಲ. ಅಷ್ಟು ಭಾರವನ್ನು ಅವಳು ಹೊರಬಲ್ಲಳು, ಆದರೆ ನೆಲಕ್ಕಿಳಿಸಿದರೆ ಒಬ್ಬಳೇ ಎತ್ತಲಾರಳು. ಪುಣ್ಯಕ್ಕೆ ದಾರಿಯಲ್ಲಿ ತಲೆಯೆತ್ತರದ ಹೊರೆಗಲ್ಲುಗಳಿದ್ದವು. ಅವುಗಳ ಮೇಲೆ ಹೊರೆ ಜಾರಿಸಿ ದಣಿವಾರಿಸಿಕೊಂಡು, ಮತ್ತೆ ತಲೆಗೆಳೆದುಕೊಳ್ಳಬಹುದಿತ್ತು.

ಮೊದಲ ಹೊರೆಗಲ್ಲಿನ ಬಳಿ ಅಜ್ಜಿಯೊಬ್ಬಳು ಮಿಂಚಿನ ಕಟ್ಟು ಮುಂದಿಟ್ಟುಕೊಂಡು ಕೂತಿದ್ದಳು. "ಒಂದು ಕೈ ಹಚ್ಚವ್ವಾ."

ಕೆಂಚವ್ವ ಸೂರ್ಯನನ್ನು ನೋಡಿದಳು. ಅಣ್ಣನನ್ನು ಹೊರೆಗಲ್ಲಿಗಿಟ್ಟು, ಕೈ ಹಚ್ಚಿ ಕಟ್ಟನ್ನು ಅಜ್ಜಿಯ ತಲೆಗೇರಿಸಿದಳು.

"ನಿನಗೇನು ಕೊಡಲಿ?"

"ಮುಂದೆ ಸಿಕ್ಕವರಿಗೆ ಕೈ ಹಚ್ಚು, ಸಾಕು."

ಎರಡನೆಯದರ ಬಳಿ ಒಂದು ಆಮೆ. ಅದರ ಬೆನ್ನಿನಿಂದ ಇಡೀ ಕೆರೆಯೊಂದು ವಾಲಿತ್ತು. ಕೆಂಚವ್ವ ಕೆರೆಯನ್ನು ನೆಟ್ಟಗೆ ಕೂರಿಸಿ ಆಮೆಗೂ ಹೇಳಿದಳು: "ಮುಂದೆ ಸಿಕ್ಕವರಿಗೆ ಕೈ ಹಚ್ಚು, ಸಾಕು."

ಮೂರನೆಯದರ ಬಳಿ ಮೂರು ತಲೆಯ ಹುಲಿ! ಅವಳ ಜೀವವೇ ಬಾಯಿಗೆ ಬಂತು. "ಮರಿಗೆ ಕಾಲು ಮುರಿದಿದೆ, ಬೆನ್ನ ಮೇಲೆ ಕೂರಿಸು ತಾಯಿ" ಎಂದು ಮೂರೂ ಬಾಯಿಗಳು ಅತ್ತವು. ಅವಳು ಮರಿಯನ್ನೆತ್ತಿ ಕೂರಿಸಿದಳು. ಹುಲಿಗೂ ಅದೇ ಮಾತು ಹೇಳಿದಳು.

ಆದರೆ ಮುಂದೆ ಬೆಟ್ಟ ಹತ್ತುವ ದಾರಿಯಲ್ಲಿ ಹೊರೆಗಲ್ಲುಗಳೇ ಇರಲಿಲ್ಲ. ಎಲ್ಲವನ್ನೂ ಕರಿಜಟ ಪುಡಿಮಾಡಿದ್ದ. ಅಲ್ಲೇ ಎದುರಾದ ಅವನು ಕಾಲು ಅಪ್ಪಳಿಸಿದಾಗ ಬೆಟ್ಟ ಅಲುಗಿ ಅಣ್ಣ ನೆಲಕ್ಕುರುಳಿದ.

"ನೀನು ಉಪಕಾರ ಮಾಡಿದ ಯಾರೂ ಈ ಬೆಟ್ಟ ಹತ್ತದಂತೆ ದಿಗ್ಬಂಧನ ಹಾಕಿದ್ದೇನೆ" ಎಂದು ಅವನು ನಕ್ಕ. "ಋಣವಿಲ್ಲದೆ ಯಾರು ಕೈ ಹಚ್ಚುತ್ತಾರೆ? ಹಚ್ಚಿದರೆ ನಾನೇ ಕಲ್ಲಾಗುತ್ತೇನೆ!"

ಸೂರ್ಯ ಅಂಚಿಗೆ ಬಂದಿದ್ದ. ಕೆಂಚವ್ವ ಕಲ್ಲನ್ನು ತಬ್ಬಿ ಗೋಳೋ ಎಂದು ಅತ್ತಳು.

ಆಗ ಬೇರುಗಳನ್ನು ಎಳೆಯುತ್ತ, ಎಲೆ ಎಲೆಯಲ್ಲೂ ಹೊನ್ನಿನ ಬೆಳಕು ತುಂಬಿಕೊಂಡು, ಮುಗಿಲೆತ್ತರದ ಆಲದ ಮರವೊಂದು ಬೆಟ್ಟ ಹತ್ತಿ ಬಂತು. ಕೆಂಚವ್ವ ಅಳುವುದನ್ನೂ ಮರೆತು ನೋಡಿದಳು. ಮರ ಬಿಳಲು ಚಾಚಿ ಕಲ್ಲನ್ನು ಅವಳ ತಲೆಗೇರಿಸಿತು.

"ನೀನು ಯಾರೋ, ನಾನು ಕಂಡೇ ಇಲ್ಲ!"

"ನಾನೂ ಕಂಡಿಲ್ಲ ಮಗಳೇ. ದಾರಿಯಲ್ಲಿ ಬಿದ್ದಿದ್ದೆ, ಮೂರು ತಲೆಯ ಹುಲಿ ಎತ್ತಿ ನಿಲ್ಲಿಸಿತು. ಮುಂದೆ ಸಿಕ್ಕವರಿಗೆ ಕೈ ಹಚ್ಚು ಅಂತು."

ಕರಿಜಟ ಬಾಯಿ ತೆರೆದ. ಆಡಿದ ಮಾತಿನಂತೆ, ತೆರೆದ ಬಾಯಲ್ಲೇ ಅವನು ಕಲ್ಲಾದ.

ಕೆಂಚವ್ವ ತುದಿಗೆ ಧಾವಿಸಿದಳು. ಕೊನೆಯ ಕಿರಣ ಆರುವ ಮೊದಲು ಒರತೆಯ ನೀರು ತಾಗಿ ಅಣ್ಣ ಎದ್ದು ಕೂತ. ನಡೆದದ್ದನ್ನೆಲ್ಲ ಕೇಳಿ, "ಆ ಪಾಪಿ ಕಲ್ಲನ್ನು ಕಣಿವೆಗೆ ಉರುಳಿಸುತ್ತೇನೆ" ಎಂದ.

"ಬೇಡಣ್ಣ," ಎಂದಳು ಕೆಂಚವ್ವ. "ಈ ದಾರಿಯಲ್ಲಿ ಒಂದೂ ಹೊರೆಗಲ್ಲಿಲ್ಲ."

ಅಣ್ಣ ತಂಗಿ ಬಹುಕಾಲ ಸುಖವಾಗಿ ಬಾಳಿದರು. ಆ ಕಲ್ಲು ಅಲ್ಲೇ ಹೊರೆಗಲ್ಲಾಗಿ ನಿಂತಿತು. ಎಷ್ಟು ಜನರ ಭಾರ ಇಳಿಸಿತೋ, ಅದರ ಪಾಪ ಅಷ್ಟಷ್ಟು ಕರಗಿತು. ಈಗ ಗಿಡ್ಡ ಮುದುಕಿಯರು ಹೊರೆ ಹೊತ್ತು ಬಂದರೆ, ಯಾರೂ ಹೇಳದಿದ್ದರೂ, ಅದು ತುಸು ಬಗ್ಗುತ್ತದಂತೆ.