ಕ್ಯಾಪ್ಟನ್ ಕೂಗದ ಹೆಸರು

“ಆ ಹುಡುಗರನ್ನ ಯಾರೂ ಕೇಳೂದೇ ಇಲ್ಲೇನ್ರಿ, ನಿನಗ ಯಾವ ಟೀಮ್ ಬೇಕಪಾ ಅಂತ?”

ವಿಜಯಶ್ರೀ ಧನರಾಜನಿಗೆ ಆಡಿದ ಮೊದಲ ಮಾತು ಅದು. ಏಪ್ರಿಲ್ ತಿಂಗಳ ಶುಕ್ರವಾರ. ಗಲ್ಫಿನ ಅಬ್ಬಾಸಿಯಾದ ಫ್ಲಾಟುಗಳ ಹಿಂದಿನ ಮಣ್ಣಿನ ಬಯಲಿನಲ್ಲಿ, ವಾಲಿಬಾಲ್ ನೆಟ್ಟಿನ ಕಂಬಕ್ಕೆ ಒರಗಿ, ಅವನು ಗೆಳೆಯರಿಗೆ ಅಮೆರಿಕದ ಫುಟ್‌ಬಾಲ್ ಡ್ರಾಫ್ಟ್ ವಿವರಿಸುತ್ತಿದ್ದ. ಅವನ ಆಫೀಸಿನ ಅಮೆರಿಕನ್ ಬಾಸ್ ಊಟದ ಬಿಡುವಿನಲ್ಲಿ ಅದರ ಕ್ಯಾಸೆಟ್ ಹಾಕಿ ತೋರಿಸಿದ್ದರು.

ವರ್ಷಕ್ಕೊಮ್ಮೆ ಕಾಲೇಜಿನ ಆಟಗಾರರನ್ನು ದೊಡ್ಡ ಟೀಮುಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಪಾಳಿ, ಗೆದ್ದವರಿಗೆ ಕೊನೆಯದು. ಒಂದು ಸುತ್ತು ಮುಗಿದರೆ ಇನ್ನೊಂದು. ಪಾಳಿಯನ್ನು ಅದಲುಬದಲು ಮಾಡಿಕೊಳ್ಳಬಹುದು, ಮುಂದಿನ ವರ್ಷದ್ದನ್ನೂ. ಹುಡುಗ ಮನೆಯಲ್ಲಿ ಫೋನಿನ ಮುಂದೆ ಕೂತಿರುತ್ತಾನೆ. ಯಾವ ಟೀಮ್ ಹೆಸರು ಕೂಗಿತೋ ಆ ಊರಿಗೆ ಹೋಗಬೇಕು.

“ಸೋತವನಿಗೆ ಮೊದಲು. ನ್ಯಾಯ ಅಂದ್ರೆ ಅದು,” ಎಂದ ಧನರಾಜ. “ನಮ್ಮ ನಾಲ್ಕು ಟೀಮಿಗೂ ಹಾಗೇ ಮಾಡುವ.”

“ಅದು ಟೀಮಿಗೆ ನ್ಯಾಯ. ಹುಡುಗಗ?” ಅವಳು ಬಿಡಲಿಲ್ಲ. “ಬಾಂಬೆ ಏಜೆಂಟನ ಆಫೀಸಿನ್ಯಾಗ ನಮ್ಮನ್ನೂ ಹಂಗೇ ಸಾಲಾಗಿ ನಿಂದ್ರಿಸಿದ್ದರು. ಹಲ್ಲೊಂದು ಎಣಿಸಲಿಲ್ಲ ನೋಡ್ರಿ.”

ಬಾಗಲಕೋಟೆ ಕಡೆಯವಳು, ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸು. ಅಪ್ಪ ಸಂಗಪ್ಪ ಎಸಿ ಮೆಕ್ಯಾನಿಕ್. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತಿತ್ತು. ಕರಾವಳಿಯ ಹುಡುಗ ಧನರಾಜ ಅದನ್ನು ಎರಡನೇ ಶುಕ್ರವಾರವೇ ಕಂಡುಹಿಡಿದ.

ಆಮೇಲೆ ಅವನು ಶುಕ್ರವಾರಗಳಿಗಾಗಿಯೇ ಬದುಕಿದ. ಆಟ ಮುಗಿದಾಗ ಅವಳು ಅಪ್ಪನ ವ್ಯಾನಿನ ಕಿಟಕಿಯಿಂದ ಕೆಣಕುವಳು.

“ಹಿಂಗ ಗೆಲ್ಕೋತ ಹೋದ್ರ ನಿಮಗ ಕೊನೀ ಪಾಳಿನೇ, ಕ್ಯಾಪ್ಟನ್ರ.”

“ಕೊನೆಗೆ ಉಳಿದವರೇ ಸಾಕು ನನಗೆ. ನೀವು ಉಳಿದಿರಿ ಮಾರಾಯ್ರೆ.”

ಅವಳು ಗಾಜು ಏರಿಸಿಬಿಡುವಳು. ಗಾಜಿನ ಹಿಂದೆ ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು.

ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಕೆಲಸಕ್ಕೆ ಕರೆಸಿಕೊಂಡಿದ್ದ ಯಜಮಾನರು, ಕಫೀಲರು, ಕಾರುಗಳಲ್ಲಿ ಗಡಿ ದಾಟಿದರು, ಕೂಲಿಯವರ ಪಾಸ್‌ಪೋರ್ಟುಗಳು ಅವರ ಕಪಾಟುಗಳಲ್ಲೇ ಉಳಿದವು. ಯಾರದೋ ಎಣ್ಣೆ, ಯಾರದೋ ಸಿಂಹಾಸನ. ರೊಟ್ಟಿಗೆ ಸಾಲು ನಿಂತವರು ಮಾತ್ರ ಅವೆರಡೂ ಇಲ್ಲದವರು.

ಸೆಪ್ಟೆಂಬರಿನಲ್ಲಿ ಒಂದು ಬಸ್ಸು ಸಿಕ್ಕಿತು. ಇರಾಕಿನ ಮರುಭೂಮಿ ದಾಟಿ ಅಮ್ಮಾನ್, ಅಲ್ಲಿಂದ ವಿಮಾನ. ಮಕ್ಕಳಿದ್ದವರು ಮೊದಲೇ ಹೋಗಿದ್ದರು. ಉಳಿದವರಿಗೆ ಸೀಟು ಸಾಲದು. ಮುಷ್ಟಿಗಳು ಎದ್ದಾಗ, ಕಿರಾಣಿ ಅಂಗಡಿಯ ಹಂಝ ಮಧ್ಯೆ ಬಂದ.

“ಖಲಾಸ್! ಡ್ರಾಫ್ಟ್ ಮಾಡುವ. ನಾಲ್ಕು ಕ್ಯಾಪ್ಟನ್‌ಗಳು ಪಾಳಿಯಲ್ಲಿ ಹೆಸರು ಕರೆಯುವುದು. ಒಂದು ಪಾಳಿಗೆ ಒಂದು ಸೀಟು.”

ಎಲ್ಲರೂ ಒಪ್ಪಿದರು. ಆ ಊರಿನಲ್ಲಿ ಉಳಿದಿದ್ದ ಕಾನೂನು ಅದೊಂದೇ.

ಹಂಝನ ಬರಿದಾದ ಗೋಡೌನಿನಲ್ಲಿ ಮಧ್ಯಾಹ್ನ ಜನ ಕೂಡಿದರು. ಎಲ್ಲರಿಗಿಂತ ಹೆಚ್ಚು ಸೋತ ಟೀಮಿನ ಹಂಝ ಮೊದಲು ಕೂಗಿದ ಹೆಸರು ಸಂಗಪ್ಪನದು. ಸಕ್ಕರೆ ಕಾಯಿಲೆ, ಕಣ್ಣು ಮಂಜು. ಸರಿಯಾದ ಆಯ್ಕೆ. ಸುತ್ತು ಸುತ್ತಾಗಿ ಹೆಸರು ಬಂದವರು ಗಂಟುಮೂಟೆ ತಬ್ಬಿಕೊಂಡು ಎದ್ದರು. ಬರದವರು ನೆಲ ನೋಡಿದರು.

ಒಂದೇ ಸೀಟು ಉಳಿಯಿತು. ಪಾಳಿ ಧನರಾಜನದು. ಆಗಲೇ ಸೀಟು ಸಿಕ್ಕಿದ್ದ ಗೆಳೆಯ ಡೋಲ್ಫಿ ಬೇಕೆಂದೇ ಕೆಮ್ಮಿದ. ಗೋಡೌನು ತುಂಬ ಸಣ್ಣ ನಗು. ಬಾಗಿಲ ಬಳಿ ವಿಜಯಶ್ರೀ ದುಪಟ್ಟಾದ ಚುಂಗನ್ನು ಬೆರಳಿಗೆ ಸುತ್ತುತ್ತಿದ್ದಳು.

ಧನರಾಜ ಅವಳನ್ನೇ ನೋಡುತ್ತ ಬಾಯಿ ತೆರೆದ.

“ಭಾಗೀರಥಮ್ಮ.”

ಜಹ್ರಾದ ಮನೆಯೊಂದರಲ್ಲಿ ಅಡುಗೆಗಿದ್ದು, ಯಜಮಾನರು ಬಿಟ್ಟೋಡಿದ ಮೇಲೆ ಇಲ್ಲಿಗೆ ಬಂದು ಸೇರಿದ್ದ ಮುದುಕಿ. ಮೊದಲು ಒಬ್ಬರದು, ಆಮೇಲೆ ಎಲ್ಲರ ಚಪ್ಪಾಳೆ. ತನ್ನ ಹುಡುಗಿಯನ್ನು ಬಿಟ್ಟು ದಿಕ್ಕಿಲ್ಲದವಳನ್ನು ಕರೆದನಲ್ಲ! ಯಾರೋ ಅವನ ಬೆನ್ನು ತಟ್ಟಿದರು. ಆ ತಟ್ಟು ಬಾಸುಂಡೆಯ ಹಾಗೆ ಉರಿಯಿತು.

ನಿಜ ಅವನೊಬ್ಬನಿಗೇ ಗೊತ್ತಿತ್ತು. ಎರಡನೇ ಬಸ್ಸು ಬರುತ್ತದೆಂಬ ಸುದ್ದಿಯಿತ್ತು. ಅದರಲ್ಲಿ ಅವಳು ತನ್ನ ಪಕ್ಕದ ಸೀಟಿನಲ್ಲಿ. ಮರುಭೂಮಿ ಮುಗಿಯುವವರೆಗೂ ತೂಕಡಿಸುವ ಅವಳ ತಲೆ ತನ್ನ ಹೆಗಲ ಮೇಲೆ. ಆ ಹೆಗಲಿಗಾಗಿ ಅವನು ಕೂಗಬೇಕಾದ ಹೆಸರನ್ನು ನುಂಗಿದ್ದ.

ಸಂಜೆ ಅವಳು ಮೆಟ್ಟಿಲ ಮೇಲೆ ಕೂತು ಇನ್ಸುಲಿನ್ ಸಿರಿಂಜಿಗೆ ಕೆಂಪು ದಾರ ಕಟ್ಟುತ್ತಿದ್ದಳು.

“ಅಪ್ಪಾರಿಗೆ ಗೆರಿ ಕಾಣೂದಿಲ್ಲ. ಈ ದಾರ ಬೆರಳಿಗೆ ಹತ್ತೂತನಕ ಎಳೀರಿ ಅಂತ ಕಲಿಸಾಕತ್ತೀನಿ.” ಅವಳು ತಲೆಯೆತ್ತಿದಳು. ಕಣ್ಣು ಒದ್ದೆ, ಆದರೂ ಅದರಲ್ಲಿ ಹೆಮ್ಮೆ. “ನಿಮ್ಮ ಜಾಗಾದಾಗ ನಾ ಇದ್ರ ಮುದುಕಿಗೆ ಕೊಡ್ತಿರಲಿಲ್ಲ. ನಿಮ್ಮಂಥವರು ಕಡಿಮಿ, ಧನರಾಜ.”

ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು. ಬಯಸಿ ಬಯಸಿ ಕಾದಿದ್ದ ಸುಖ ಅದು. ಅವನು ಅವಳ ಮುಖ ನೋಡದೆ ಮೆಟ್ಟಿಲಿಳಿದ.

ಸೀದಾ ಡೋಲ್ಫಿಯ ರೂಮಿಗೆ ಹೋದ.

“ನಿನ್ನ ಸೀಟು ಕೊಡು. ಮುಂದಿನ ಬಸ್ಸುಗಳಲ್ಲಿ ನನ್ನ ಪಾಳಿಯೆಲ್ಲ ನಿನಗೆ.”

“ಎಲ್ಲವೂ?” ಡೋಲ್ಫಿ ಶೇವಿಂಗ್ ನಿಲ್ಲಿಸಿದ. “ಮರ್ಲುಂಟಾ ನಿಂಗೆ? ಬಸ್ಸು ನಿಂತರೆ ಇಲ್ಲೇ ಕೊಳೀತಿ ಮಾರಾಯಾ.”

“ಕೊಳೀತೇನೆ.”

ಡೋಲ್ಫಿ ಅವನ ಮುಖ ನೋಡಿದ. ತಮಾಷೆ ಬಿಟ್ಟ. “ಆಯ್ತು. ತಮ್ಮ ಫ್ರೆಡ್ರಿಕ್ ಒಬ್ಬನೇ ಉಳಿದಿದ್ದ. ಅವನ ಜೊತೆಗೇ ಹೋಗ್ತೇನೆ.”

ಧನರಾಜ ಮೆಟ್ಟಿಲಿಗೆ ಮರಳಿದ. “ಬ್ಯಾಗು ಕಟ್ಟಿ. ಡೋಲ್ಫಿಯ ಸೀಟು ನಿಮ್ಮದು.”

“ಅವರ್ಯಾಕ ಬಿಟ್ರು?”

“ನನ್ನ ಪಾಳಿಗಳನ್ನು ಕೊಟ್ಟೆ.” ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಇನ್ನೊಂದು ಚಪ್ಪಾಳೆ ಸಿಗುತ್ತಿತ್ತು. “ಮಧ್ಯಾಹ್ನ ನಾನು ಅಜ್ಜಿಗೆ ಸೀಟು ಕೊಟ್ಟದ್ದಲ್ಲ, ವಿಜಯಶ್ರೀ. ನಿಮ್ಮನ್ನು ಇಟ್ಟುಕೊಂಡದ್ದು. ನನ್ನ ಜೊತೆ ಬರಲಿ ಅಂತ. ಅಪ್ಪನಿಗೆ ಗೆರೆ ಕಾಣುವುದಿಲ್ಲ ಅಂತ ಗೊತ್ತಿದ್ದೂ.”

ಅವಳ ಕೈಯಲ್ಲಿ ದಾರ ನಿಂತಿತು. ಅವಳು ಅವನನ್ನು ನೋಡಿದಳು. ಎರಡು ಕಣ್ಣೂ ಒಂದೇ ಸಮ, ಕಿರಿದಾಗದೆ.

“ಮಧ್ಯಾಹ್ನ ಕೇಳದೇ ಇಟ್ಕೊಂಡ್ರಿ. ಈಗ ಕೇಳದೇ ಕಳಸ್ತೀರಿ. ಏಜೆಂಟ, ಕಫೀಲ, ಸೈನ್ಯ, ಎಲ್ಲಾರೂ ಹಂಗೇ ಮಾಡಿದ್ರು. ಪ್ರೀತಿ ಮಾಡಾವನೂ ಹಂಗೇನಾ?”

ಅವನು ಒಂದು ಮೆಟ್ಟಿಲು ಕೆಳಗೆ ಕೂತ, ಅವಳ ಮುಖ ತನಗಿಂತ ಮೇಲಿರುವ ಹಾಗೆ.

“ನಿಮಗೆ ಹೋಗಬೇಕಾ?”

“ಹೋಗಬೇಕು.” ಒಂದು ಕ್ಷಣವೂ ತಡೆಯದೆ ಅಂದಳು. ಅದು ಅವನಿಗೆ ನಾಟಿತು. ನಾಟಬೇಕಾದದ್ದೇ.

ಬೆಳಿಗ್ಗೆ ಬಸ್ಸು ಹೊಗೆ ಕಾರುತ್ತ ನಿಂತಿತ್ತು. ಕಿಟಕಿಯಿಂದ ಭಾಗೀರಥಮ್ಮ ಕೈ ಚಾಚಿ ಅವನ ತಲೆ ಮುಟ್ಟಿದರು. “ನಿನಗೆ ಒಳ್ಳೆಯದಾಗಲಿ ಮಗಾ.”

“ಅಜ್ಜಿ, ನಾನು ನಿಮಗೋಸ್ಕರ ಕರೆದದ್ದಲ್ಲ,” ಎಂದ, ಸುತ್ತ ನಿಂತವರಿಗೂ ಕೇಳುವ ಹಾಗೆ.

“ಗೊತ್ತುಂಟು. ನನ್ನ ಹೆಸರು ಹೇಳುವಾಗ ನೀನು ನೋಡಿದ್ದು ಈ ಹುಡುಗಿಯನ್ನು. ಮುದುಕಿಯಾದರೂ ಕುರುಡಿ ಅಲ್ಲ ನಾನು.” ಕೈ ಹಿಂದೆ ತೆಗೆಯಲಿಲ್ಲ. “ಆದರೆ ಸೀಟು ನಾನು ಬಿಡೂದಿಲ್ಲ ಮತ್ತೆ! ನನಗೂ ಊರುಂಟು.”

ಹಂಝ ನಕ್ಕುಬಿಟ್ಟ. ಧನರಾಜನಿಗೆ ನಗಲಾಗಲಿಲ್ಲ. ಆ ಕೈಯ ಭಾರದ ಕೆಳಗೆ ಅವನು ಅಳುತ್ತಿದ್ದ.

ಎಂಜಿನ್ನು ಗುಡುಗಿತು. ಹಿಂದಿನ ಕಿಟಕಿಯಲ್ಲಿ ವಿಜಯಶ್ರೀ. ಪಕ್ಕದಲ್ಲಿ ಸಂಗಪ್ಪ ಅವಳ ತೋಳು ಹಿಡಿದು ಕೂತಿದ್ದರು. ಧನರಾಜ ಬಸ್ಸಿನ ಜೊತೆ ನಡೆಯತೊಡಗಿದ. ನಡಿಗೆ ಓಟವಾಯಿತು.

“ಪ್ರೀತಿ ಐತಿ,” ಅಂದಳು ಅವಳು, ಧೂಳಿಗೆ ಕಣ್ಣು ಮುಚ್ಚದೆ. “ಸಿಟ್ಟೂ ಐತಿ. ಎರಡೂ ಒಯ್ತೀನಿ. ಜೀವಂತ ಬಂದು ಯಾವುದು ಬೇಕೋ ಬೇಡ್ಕೊಳ್ರಿ.”

“ಎರಡೂ ಬೇಕು!” ಅವನು ಕೂಗಿದ.

ಬಸ್ಸು ರಸ್ತೆ ಸೇರಿತು. ಅವಳು ಗಾಜು ಏರಿಸಲಿಲ್ಲ.